ಕಷ್ಟವೂ ಪಶ್ಚಾತ್ತಾಪವೂ: ಓದುಗರ ಪ್ರಶ್ನೆ, ಸಭಾಪಾಲಕರ ಉತ್ತರ

ಕೊಡಗಿನಿಂದ ಈ ಸಲ ಬಂದ ಪತ್ರಗಳಲ್ಲಿ ಮೂರನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಬರೆದವರು ಒಬ್ಬರನ್ನೊಬ್ಬರು ಅರಿಯದವರು. ಆದರೂ ಮೂವರೂ ಕೇಳಿರುವುದು ಕಷ್ಟಕ್ಕೂ ದೇವರ ಕಡೆಗೆ ತಿರುಗಿಕೊಳ್ಳುವುದಕ್ಕೂ ಇರುವ ನಂಟಿನ ಬಗ್ಗೆಯೇ. ಅವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: 2018ರ ಆಗಸ್ಟ್ ಮಳೆಯಲ್ಲಿ ಗುಡ್ಡ ಜಾರಿ ನಮ್ಮ ಕಾಫಿ ತೋಟವೂ ಮನೆಯ ಹಿಂಭಾಗವೂ ಹೋದವು. ಈಗ ಸರ್ಕಾರ ಕಟ್ಟಿಸಿಕೊಟ್ಟ ಮನೆಯಲ್ಲಿದ್ದೇವೆ. ಕಾರಣವಿಲ್ಲದೆ ದೇವರು ಹೊಡೆಯುವುದಿಲ್ಲ, ಮನೆಯಲ್ಲಿ ಅಡಗಿರುವ ಪಾಪವನ್ನು ಹುಡುಕಿ ಒಪ್ಪಿಕೊಳ್ಳಿ ಎಂದು ಪ್ರಾರ್ಥನಾ ಕೂಟದ ಹಿರಿಯರೊಬ್ಬರು ಇಂದಿಗೂ ಹೇಳುತ್ತಾರೆ. ನಿಜ ಹೇಳಬೇಕೆಂದರೆ, ಅದಕ್ಕೆ ಮೊದಲು ನಾವು ಕ್ರಿಸ್‌ಮಸ್ಸಿಗೂ ಈಸ್ಟರಿಗೂ ಮಾತ್ರ ಚರ್ಚಿಗೆ ಹೋಗುತ್ತಿದ್ದವರು. ಈಗ ಭಾನುವಾರ ತಪ್ಪಿಸುವುದಿಲ್ಲ, ರಾತ್ರಿ ಮನೆಪ್ರಾರ್ಥನೆ ನಡೆಯುತ್ತದೆ, ವರ್ಷಗಳಿಂದ ಮಾತು ಬಿಟ್ಟಿದ್ದ ನಾದಿನಿಯೊಡನೆ ಮಾತಾಡುತ್ತಿದ್ದೇನೆ. ಹಾಗಾದರೆ ನಮ್ಮನ್ನು ತಿದ್ದುವುದಕ್ಕೆಂದೇ ದೇವರು ಗುಡ್ಡ ಬೀಳಿಸಿದನೇ? ನಮಗಿಂತ ಎಷ್ಟೋ ಭಕ್ತರಾಗಿದ್ದ ಪಕ್ಕದ ಮನೆಯಲ್ಲಿ ಜೀವವೇ ಹೋಯಿತಲ್ಲ, ಅದಕ್ಕೇನು ಹೇಳುವುದು? (ಓದುಗಿ, ಮಾದಾಪುರದ ಕಡೆಯವರು)

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ತೊಡಗುತ್ತೇನೆ, ಏಕೆಂದರೆ ಆ ಹಿರಿಯರ ಲೆಕ್ಕ ತಪ್ಪುವುದು ಅಲ್ಲಿಯೇ. ಲೂಕನ ಸುವಾರ್ತೆಯ 13ನೆಯ ಅಧ್ಯಾಯದ ಮೊದಲಲ್ಲಿ ಕೆಲವರು ಯೇಸುಸ್ವಾಮಿಯ ಬಳಿ ಸಾವಿನ ಸುದ್ದಿ ತರುತ್ತಾರೆ. ಗಲಿಲಾಯದ ಕೆಲವರನ್ನು ಅವರು ಬಲಿ ಅರ್ಪಿಸುತ್ತಿದ್ದ ಹೊತ್ತಿನಲ್ಲೇ ರೋಮನ್ ಅಧಿಪತಿ ಪಿಲಾತನು ಕೊಲ್ಲಿಸಿದ್ದನು. ಆ ಸುದ್ದಿಗೆ ಯೇಸು ತಾನೇ ಇನ್ನೊಂದನ್ನು ಸೇರಿಸುತ್ತಾನೆ: ಸಿಲೊವಾಮಿನ ಬುರುಜು ಬಿದ್ದು 18 ಮಂದಿ ಸತ್ತದ್ದು. ಸತ್ತವರು ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚಿನ ಅಪರಾಧಿಗಳೆಂದು ಎಣಿಸುತ್ತೀರೋ ಎಂದು ಕೇಳಿ, ಹಾಗಲ್ಲ ಎಂದು ಆತನೇ ಖಂಡಿತವಾಗಿ ಹೇಳುತ್ತಾನೆ. ಆ ಮೇಲೆ ಪಶ್ಚಾತ್ತಾಪದ ಮಾತು ಬರುತ್ತದೆ. ಆದರೆ ಅದನ್ನು ಆತನು ಹೇಳುವುದು ಬುರುಜಿನ ಕೆಳಗೆ ಸಿಕ್ಕಿದವರ ಕುರಿತಲ್ಲ, ದೂರದಲ್ಲಿ ನಿಂತು ಅವರ ಪಾಪ ಎಣಿಸುತ್ತಿದ್ದವರಿಗೆ. ನಿಮ್ಮ ಕೂಟದ ಹಿರಿಯರು ಈ ಭಾಗವನ್ನು ಒಮ್ಮೆ ನಿಧಾನವಾಗಿ ಓದಿದರೆ, ಇಲ್ಲಿ ತಾವು ನಿಂತಿರುವ ಜಾಗ ಯಾವುದೆಂದು ಅವರಿಗೆ ತಿಳಿದೀತು.

ಗುಡ್ಡ ಏಕೆ ಜಾರಿತು ಎಂಬುದಕ್ಕೆ ನಿಮ್ಮ ಮನೆಯ ಗುಟ್ಟುಗಳನ್ನು ಕೆದಕಬೇಕಾಗಿಲ್ಲ. ಆ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಕಾಲೂರು, ಜೋಡುಪಾಲದ ಕಡೆ ದಿನಗಟ್ಟಲೆ ಬಿಡದೆ ಸುರಿದ ಮಳೆಗೆ ಇಳಿಜಾರಿನ ಮಣ್ಣು ನೀರು ಕುಡಿದು ಭಾರವಾಗಿತ್ತು. ರಸ್ತೆಗೆ, ಕಟ್ಟಡಕ್ಕೆ ಎಂದು ಗುಡ್ಡದ ಬುಡವನ್ನು ನೆಟ್ಟಗೆ ಕಡಿದದ್ದೂ ನೀರು ಹರಿಯುವ ಸಹಜ ದಾರಿಗಳನ್ನು ಕೆಡಿಸಿದ್ದೂ ಅದಕ್ಕೆ ಕೂಡಿಕೊಂಡವು ಎಂದು ಸ್ಥಳವನ್ನು ನೋಡಿದ ಭೂವಿಜ್ಞಾನಿಗಳು ಹೇಳಿದರು. ಪಾಪದ ವಿಚಾರಣೆ ನಡೆಯಲೇಬೇಕೆಂದಿದ್ದರೆ ಇಲ್ಲಿ ನಡೆಯಲಿ. ಜೆಸಿಬಿ ತರಿಸಿ ಮಣ್ಣು ತೆಗೆಸಿದವರು ಒಬ್ಬರು, ಮನೆ ಕಳೆದುಕೊಂಡವರು ಇನ್ನೊಬ್ಬರು ಎಂಬುದು ಕೊಡಗಿನಲ್ಲಿ ಎಲ್ಲರಿಗೂ ಗೊತ್ತಿದೆ. ಆ ಕುರಿತು ಪಾಪನಿವೇದನೆ ಮಾಡಿದ ಸಭೆಯನ್ನು ಮಾತ್ರ ನಾನಿನ್ನೂ ನೋಡಿಲ್ಲ.

ಎಲ್ಲ ಸಂಕಟವನ್ನೂ ಶಿಕ್ಷೆ ಎನ್ನುವವರಿಗೆ ಬೈಬಲಿನಲ್ಲಿ ಮೊದಲೇ ಉತ್ತರ ಸಿಕ್ಕಿದೆ. ಎಲ್ಲವನ್ನೂ ಕಳೆದುಕೊಂಡ ಯೋಬನಿಗೆ ಅವನ ಗೆಳೆಯರು ಹೇಳಿದ್ದೂ ನಿಮ್ಮ ಹಿರಿಯರು ಹೇಳಿದ್ದನ್ನೇ, ಆದರೆ ಇನ್ನೂ ಸೊಗಸಾದ ಮಾತುಗಳಲ್ಲಿ. ಪುಸ್ತಕದ ಕೊನೆಯಲ್ಲಿ ದೇವರ ಕೋಪ ಉರಿದದ್ದು ಯೋಬನ ಮೇಲಲ್ಲ, ಅವರ ಮೇಲೆ. ಹುಟ್ಟುಕುರುಡನನ್ನು ಕಂಡು, ಪಾಪ ಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಶಿಷ್ಯರು ಕೇಳಿದಾಗಲೂ ಯೇಸು ಎರಡನ್ನೂ ಒಪ್ಪಲಿಲ್ಲ. ನಮ್ಮ ನೆಲದ ಚರಿತ್ರೆಯನ್ನೇ ನೋಡಿ: ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನು ಆಶ್ರಯ ಕೊಟ್ಟದ್ದರಿಂದ ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚು 1792ರಲ್ಲಿ ಆರಂಭವಾಯಿತು. ಆ ಜನ ಸೆರೆಯಲ್ಲಿ ನರಳಿದ್ದು ಯಾವುದೋ ಪಾಪಕ್ಕಾಗಿ ಎಂದು ಇಂದು ಯಾರೂ ಹೇಳುವುದಿಲ್ಲ. ಹಳೆಯ ಕಷ್ಟಕ್ಕೆ ತೋರಿಸುವ ಈ ಮರ್ಯಾದೆಯನ್ನು ಪಕ್ಕದ ಮನೆಯವರ ಕಷ್ಟಕ್ಕೂ ತೋರಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೂ ನಿಮ್ಮ ಪ್ರಶ್ನೆಯ ಅರ್ಧ ಹಾಗೆಯೇ ಉಳಿಯುತ್ತದೆ. ನಿಮ್ಮ ಬದುಕು ಬದಲಾದದ್ದು ನಿಜ, ಬದಲಾದದ್ದು ಆ ಮಳೆಯ ನಂತರ ಎಂಬುದೂ ನಿಜ. ಇದನ್ನು ಅರಿಯಲು ನನಗೆ ಯೋಸೇಫನ ಅಣ್ಣಂದಿರ ಕಥೆಯಷ್ಟು ನೆರವಾಗುವುದು ಬೇರೊಂದಿಲ್ಲ. ಆದಿಕಾಂಡದ 37ನೆಯ ಅಧ್ಯಾಯದಲ್ಲಿ ಅವರು ತಮ್ಮನನ್ನು ಗುಂಡಿಗೆ ಹಾಕಿ, ಊಟಕ್ಕೆ ಕುಳಿತು, ಆಮೇಲೆ ಯೂದನ ಸಲಹೆಯಂತೆ 20 ಬೆಳ್ಳಿ ನಾಣ್ಯಗಳಿಗೆ ಮಾರಿಬಿಡುತ್ತಾರೆ. ಆ ಅಧ್ಯಾಯವನ್ನು ಎಷ್ಟು ಸಲ ಓದಿದರೂ ಹುಡುಗನ ದನಿ ಕೇಳಿಸುವುದಿಲ್ಲ. ಅವನು ಅತ್ತನೋ ಬೇಡಿಕೊಂಡನೋ ಒಂದೂ ಬರೆದಿಲ್ಲ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದು, ಬರಗಾಲ ಬಂದು, ಅಣ್ಣಂದಿರು ದವಸಕ್ಕಾಗಿ ಐಗುಪ್ತಕ್ಕೆ (ಈಜಿಪ್ಟಿಗೆ) ಹೋಗಿ, ಮೂರು ದಿನ ಸೆರೆಯಲ್ಲಿ ಕುಳಿತ ಮೇಲೆ, 42ನೆಯ ಅಧ್ಯಾಯದಲ್ಲಿ ಅವರ ಬಾಯಿಂದಲೇ ಆ ಸಂಗತಿ ಹೊರಬೀಳುತ್ತದೆ: ಅವನು ನಮ್ಮನ್ನು ಬೇಡಿಕೊಂಡಾಗ ಅವನ ಪ್ರಾಣಸಂಕಟವನ್ನು ನಾವು ಕಣ್ಣಾರೆ ಕಂಡೆವು, ಆದರೂ ಕೇಳಲಿಲ್ಲ. ತಮ್ಮನ್ನು ಸೆರೆಗೆ ಹಾಕಿಸಿದ ಐಗುಪ್ತದ ಅಧಿಕಾರಿಯೇ ಯೋಸೇಫನೆಂಬುದು ಅವರಿಗಿನ್ನೂ ತಿಳಿದಿಲ್ಲ, ಯಾರೂ ಅವರನ್ನು ಆ ವಿಷಯ ಕೇಳಿಯೂ ಇಲ್ಲ. ಇಷ್ಟು ವರ್ಷ ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಮುಚ್ಚಿಟ್ಟಿದ್ದ ಆ ಅಳು ಅವರ ಕಿವಿಯಲ್ಲಿ ಇದ್ದೇ ಇತ್ತು.

ಇಲ್ಲಿ ಗಮನಿಸಬೇಕಾದದ್ದು, ಬರಗಾಲ ಬಂದದ್ದು ಅವರ ಪಾಪದ ದೆಸೆಯಿಂದಲ್ಲ. ಅದು ಐಗುಪ್ತಕ್ಕೂ ಕಾನಾನಿಗೂ ಸುತ್ತಲಿನ ದೇಶಗಳಿಗೂ ಬಂದ ಬರ. ಯೋಸೇಫನ ವಿಷಯದಲ್ಲಿ ಏನೂ ತಪ್ಪು ಮಾಡದ ಲಕ್ಷಾಂತರ ಜನರೂ ಹಸಿದರು, ಮಗನನ್ನು ಕಳೆದುಕೊಂಡಿದ್ದ ಯಾಕೋಬನೂ ಹಸಿದನು. ಆದರೂ ಎಲ್ಲರಿಗೂ ಸಮನಾಗಿ ಬಂದ ಆ ಕಷ್ಟದೊಳಗೆ ಈ ಹತ್ತು ಮಂದಿಗೆ ಮಾತ್ರ ಸಲ್ಲುವ ಒಂದು ಕೆಲಸವನ್ನು ದೇವರು ನಡೆಸಿದನು. ನಿಮಗೆ ನನ್ನ ಉತ್ತರವೂ ಇದೇ ದಾರಿಯಲ್ಲಿದೆ. ಗುಡ್ಡ ಬಿದ್ದದ್ದು ನಿಮ್ಮನ್ನು ತಿದ್ದುವುದಕ್ಕೆ ಎಂದು ಹೇಳುವ ಅಧಿಕಾರ ನನಗೂ ಇಲ್ಲ, ನಿಮ್ಮ ಹಿರಿಯರಿಗೂ ಇಲ್ಲ. ಹಾಗೆ ಹೇಳಿದರೆ ಪಕ್ಕದ ಮನೆಯ ಸಾವು ನಿಮ್ಮ ಪಾಠಕ್ಕೆ ತೆತ್ತ ಬೆಲೆಯಾಗಿಬಿಡುತ್ತದೆ, ಅದು ದೇವರ ಮೇಲೆ ಹೊರಿಸಬಾರದ ಮಾತು. ಆದರೆ ಆ ಬಳಿಕದ ದಿನಗಳಲ್ಲಿ ನಿಮ್ಮನ್ನು ಪ್ರಾರ್ಥನೆಗೆ ಎಬ್ಬಿಸಿದವನು, ನಾದಿನಿಯ ಬಾಗಿಲಿಗೆ ಕಳುಹಿಸಿದವನು ದೇವರೇ ಎಂದು ಸಂಶಯವಿಲ್ಲದೆ ಹೇಳುತ್ತೇನೆ. ಇಬ್ರಿಯರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯ ತಂದೆಯ ಶಿಕ್ಷಣದ ಬಗ್ಗೆ ಹೇಳುವಾಗ, ಆ ಹೊತ್ತಿಗೆ ಅದು ದುಃಖಕರವೇ ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತದೆ. ಫಲ ಬರುವುದು ಆಮೇಲೆ, ಅದರಿಂದ ಪಳಗಿದವರಿಗೆ ಎನ್ನುತ್ತದೆ. ಆದ್ದರಿಂದ ತೋಟ ಹೋದ ದುಃಖವನ್ನು ಭಕ್ತಿಯ ಹೆಸರಿನಲ್ಲಿ ಅಡಗಿಸಬೇಕಾಗಿಲ್ಲ. ಬರಿಗೈಯಾದ ಮೇಲೆ ಬಂದೆವಲ್ಲ ಎಂಬ ಸಂಕೋಚವೂ ಬೇಡ. ಯೇಸು ಹೇಳಿದ ಕಥೆಯಲ್ಲಿ ತಪ್ಪಿಹೋದ ಮಗನು ಮನೆಯ ದಾರಿ ಹಿಡಿದದ್ದು ಹೊಟ್ಟೆ ಹಸಿದಾಗಲೇ, ತಂದೆ ಅದನ್ನು ಎತ್ತಿ ಆಡಲಿಲ್ಲ.

ಪ್ರಶ್ನೆ: ನಾನು ಸಿದ್ದಾಪುರದ ಬಳಿ ಸಣ್ಣ ಬೆಳೆಗಾರ. ಕಾಫಿಗೆ ಬೆಲೆಯಿಲ್ಲದ ವರ್ಷಗಳಲ್ಲಿ, ಅದರ ಮೇಲೆ ಸೊರಗು ರೋಗ ಬಂದು ಮೆಣಸಿನ ಬಳ್ಳಿಗಳು ಸಾಲಾಗಿ ಒಣಗಿ, ಬ್ಯಾಂಕಿನ ನೋಟಿಸು ಬಂದಾಗ, ಶುಕ್ರವಾರದ ಉಪವಾಸ ಹಿಡಿದೆ, ಕಣ್ಣೀರಿಟ್ಟು ಪ್ರಾರ್ಥಿಸಿದೆ, ಇನ್ನು ಮುಂದೆ ನಿನ್ನ ಮಾತಿನಂತೆ ನಡೆಯುತ್ತೇನೆಂದು ಮಾತು ಕೊಟ್ಟೆ. ಆಮೇಲೆ ರೋಬಸ್ಟಾ ಬೆಲೆ ಏರಿತು, ಸಾಲ ತೀರಿತು. ಈಗ ಆ ಪ್ರಾರ್ಥನೆ ಬರುತ್ತಿಲ್ಲ, ಉಪವಾಸವೂ ನಿಂತಿದೆ. ಸಂಕಟ ಬಂದಾಗ ವೆಂಕಟರಮಣ ಎಂದು ನೆರೆಯವರು ನಗೆಯಾಡುತ್ತಾರೆ. ನನ್ನ ಪಶ್ಚಾತ್ತಾಪ ಸುಳ್ಳಾಗಿತ್ತೇ? (ಓದುಗ, ಸಿದ್ದಾಪುರ)

ಉತ್ತರ: ಸುಳ್ಳೆಂದು ಈಗಲೇ ತೀರ್ಮಾನಿಸಬೇಡಿ, ಅರ್ಧಕ್ಕೆ ನಿಂತಿರಬಹುದು. ಕಷ್ಟವು ತಾನಾಗಿ ಯಾರನ್ನೂ ದೇವರ ಕಡೆಗೆ ತಿರುಗಿಸುವುದಿಲ್ಲ ಎಂಬುದನ್ನು ಪ್ರವಾದಿ ಆಮೋಸನು ಬೇಸರ ಬರುವಷ್ಟು ಸಲ ಹೇಳಿದ್ದಾನೆ. ಅವನ ಪುಸ್ತಕದ 4ನೆಯ ಅಧ್ಯಾಯದಲ್ಲಿ ಹಸಿವು, ಬೆಳೆರೋಗ, ಮಿಡತೆ, ಯುದ್ಧ ಎಲ್ಲವೂ ಬರುತ್ತವೆ. ಒಂದು ಊರಿಗೆ ಮಳೆ ಸುರಿದು ಇನ್ನೊಂದು ಊರು ಒಣಗಿದ್ದೂ ಇದೆ, ಕಾಫಿ ಹೂ ಅರಳಿಸುವ ಮಳೆಗಾಗಿ ಆಕಾಶ ನೋಡುವ ಬೆಳೆಗಾರರಿಗೆ ಅದನ್ನು ವಿವರಿಸಬೇಕಾಗಿಲ್ಲ. ಒಂದೊಂದರ ಕೊನೆಗೂ, ಆದರೂ ನೀವು ನನ್ನ ಕಡೆಗೆ ತಿರುಗಿಕೊಳ್ಳಲಿಲ್ಲ ಎಂಬ ಮಾತು ಐದು ಸಲ ಬರುತ್ತದೆ. ಯೆಹೂದದ ಇಬ್ಬರು ಅರಸರನ್ನು ಪಕ್ಕದಲ್ಲಿಟ್ಟು ನೋಡಿದರೆ ಇದು ಇನ್ನೂ ತಿಳಿಯಾಗುತ್ತದೆ. ಅರಸನಾದ ಆಹಾಜನು ಸೋಲಿನ ಮೇಲೆ ಸೋಲು ಕಂಡ ಇಕ್ಕಟ್ಟಿನಲ್ಲೇ ಇನ್ನಷ್ಟು ದ್ರೋಹಿಯಾಗಿ, ತನ್ನನ್ನು ಸೋಲಿಸಿದವರ ದೇವತೆಗಳಿಗೆ ಬಲಿಯಿಟ್ಟು, ದೇವಾಲಯದ ಬಾಗಿಲನ್ನೇ ಮುಚ್ಚಿಸಿದನು. ಅವನ ಮೊಮ್ಮಗನಾದ ಮನಸ್ಸೆ ಕೆಟ್ಟತನದಲ್ಲಿ ಅಜ್ಜನನ್ನೂ ಮೀರಿಸಿದವನು. ಅಶ್ಶೂರದವರು ಅವನನ್ನು ಸಂಕೋಲೆ ಹಾಕಿ ಬಾಬೆಲಿಗೆ ಎಳೆದುಕೊಂಡು ಹೋದಾಗ ಅವನು ತಗ್ಗಿಸಿಕೊಂಡು ಬೇಡಿಕೊಂಡನು. ಸಂಕಟ ಇಬ್ಬರಿಗೂ ಬಂತು, ಒಬ್ಬನು ಗಟ್ಟಿಯಾದನು, ಇನ್ನೊಬ್ಬನು ಕರಗಿದನು.

ಆದರೆ ನಿಮ್ಮ ಪ್ರಶ್ನೆಗೆ ಬೇಕಾದದ್ದು ಮನಸ್ಸೆ ಬಾಬೆಲಿನಲ್ಲಿ ಅತ್ತದ್ದಲ್ಲ, ಬಿಡುಗಡೆಯಾಗಿ ಊರಿಗೆ ಬಂದು ಪಟ್ಟಕ್ಕೆ ಕುಳಿತ ಮೇಲೆ ಮಾಡಿದ್ದು. 2 ಪೂರ್ವಕಾಲವೃತ್ತಾಂತದ 33ನೆಯ ಅಧ್ಯಾಯದ ಪ್ರಕಾರ ಅವನು ತಾನೇ ದೇವಾಲಯದಲ್ಲಿ ನಿಲ್ಲಿಸಿದ್ದ ವಿಗ್ರಹವನ್ನು ತಾನೇ ತೆಗೆಸಿದನು, ತಾನೇ ಕಟ್ಟಿಸಿದ್ದ ಬಲಿಪೀಠಗಳನ್ನು ಊರ ಹೊರಗೆ ಎಸೆಯಿಸಿದನು, ಕರ್ತನ ಬಲಿಪೀಠವನ್ನು ತಿರುಗಿ ಕಟ್ಟಿಸಿದನು. ಎಲ್ಲವೂ ಸರಿಹೋಗಲಿಲ್ಲ, ಜನರು ಪೂಜಾಸ್ಥಳಗಳನ್ನು ಬಿಡಲಿಲ್ಲ, ಅವನ ಮಗ ಆಮೋನನು ಹಳೆಯ ದಾರಿಯನ್ನೇ ಹಿಡಿದನು. ಆದರೂ ಸಂಕಟ ತೀರಿದ ಮೇಲೂ ಅವನ ತಿರುಗುವಿಕೆ ಕೈಕೆಲಸವಾಗಿ ಮುಂದುವರಿಯಿತು. ಐಗುಪ್ತದ ಅರಸ ಫರೋಹನಲ್ಲಿ ಇಲ್ಲದ್ದು ಇದೇ: ಆನೆಕಲ್ಲಿನ ಮಳೆ ಸುರಿಯುವಾಗ ನಾನು ತಪ್ಪುಮಾಡಿದೆ ಎಂದವನು ಅದು ನಿಂತ ಕೂಡಲೇ ಹೃದಯವನ್ನು ಕಲ್ಲುಮಾಡಿಕೊಂಡನು.

ಹಾಗಾಗಿ, ಕಣ್ಣೀರು ಏಕೆ ಬರುತ್ತಿಲ್ಲ ಎಂದು ಚಿಂತಿಸುವುದನ್ನು ಬಿಟ್ಟು, ಕಣ್ಣೀರು ಬಂದ ದಿನಗಳಲ್ಲಿ ನೀವು ದೇವರಿಗೆ ಏನೇನು ಮಾತು ಕೊಟ್ಟಿರಿ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ನಾನು ಕಂಡ ಒಬ್ಬ ಬೆಳೆಗಾರರ ವಿಷಯ ಹೇಳುತ್ತೇನೆ. ಅವರ ತೋಟದಲ್ಲಿ ಹಣ್ಣು ಕೊಯ್ಲಿನ ಕಾಲದಲ್ಲಿ ಸಂಜೆ ಕೂಲಿಯ ಲೆಕ್ಕಕ್ಕೆ ತೂಕ ನಡೆಯುವಾಗ, ಸಿಲ್ವರ್ ಓಕಿನ ಕೊಂಬೆಗೆ ಸ್ಪ್ರಿಂಗ್ ತಕ್ಕಡಿ ತೂಗುಹಾಕಿ, ಒಂದೊಂದು ಚೀಲವನ್ನು ಕೊಕ್ಕೆಗೆ ಸಿಕ್ಕಿಸಿ, ಮುಳ್ಳು ತೋರಿಸಿದ್ದರಲ್ಲಿ ಎರಡು ಕೆಜಿಯನ್ನು ಚೀಲದ ತೂಕ, ಎಲೆಕಸ ಎಂದು ಕಳೆದು ರೈಟರು ಪುಸ್ತಕದಲ್ಲಿ ಬರೆಯುವುದು ರೂಢಿಯಾಗಿತ್ತು. ಖಾಲಿ ಚೀಲ ಒಂದು ಕೆಜಿಯೂ ತೂಗುವುದಿಲ್ಲ. ಅದು ಮಾಲೀಕರಿಗೂ ಗೊತ್ತು, ತಲೆಯ ಮೇಲೆ ಚೀಲ ಹೊತ್ತು ತಂದ ಹೆಂಗಸಿಗೂ ಗೊತ್ತು. ಮಗಳು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದ ವರ್ಷ ಅವರು ಬಹಳ ಪ್ರಾರ್ಥಿಸಿದರು. ಮಗಳು ಗುಣವಾಗಿ ಮನೆಗೆ ಬಂದ ಮೇಲಿನ ಕೊಯ್ಲಿನಲ್ಲಿ, ತೂಕದ ಹೊತ್ತಿಗೆ ತಾವೇ ಬಂದು ನಿಂತು, ಇನ್ನು ಮೇಲೆ ಮುಳ್ಳು ತೋರಿಸಿದ್ದನ್ನೇ ಬರೆ ಎಂದು ರೈಟರಿಗೆ ಹೇಳಿದರು. ಹಿಂದಿನ ಪುಸ್ತಕಗಳನ್ನು ತೆಗೆಸಿ, ಕೂಲಿಯವರ ಲೈನ್ ಮನೆಯಲ್ಲಿ ಇನ್ನೂ ಇದ್ದವರಿಗೆ ಕಳೆದದ್ದರ ಹಣ ಎಣಿಸಿ ಕೊಟ್ಟರು. ಅಸ್ಸಾಮಿನ ಕಡೆಯಿಂದ ಬಂದು ಹೋದವರನ್ನು ಹುಡುಕಲಾಗಲಿಲ್ಲ. ಆ ಬಾಕಿಯ ನೋವು ಅವರಲ್ಲಿ ಇನ್ನೂ ಇದೆ. ಅವರು ಸಭೆಯಲ್ಲಿ ಎದ್ದು ಸಾಕ್ಷಿ ಹೇಳಿದ್ದನ್ನು ನಾನು ಕೇಳಿಲ್ಲ, ಪ್ರಾರ್ಥನೆಯಲ್ಲಿ ದನಿ ಏರಿಸಿದ್ದನ್ನೂ ಕೇಳಿಲ್ಲ. ಸುಂಕದವನಾದ ಜಕ್ಕಾಯನ ಮನೆಗೆ ರಕ್ಷಣೆ ಬಂತೆಂದು ಯೇಸು ಹೇಳಿದ್ದು ಅವನು ಇಂಥ ಲೆಕ್ಕವನ್ನೇ ತೆರೆದಾಗ. ಕೂಲಿಯಲ್ಲಿ ಹಿಡಿದುಕೊಂಡದ್ದು ಕೂಗುತ್ತದೆ ಎಂದು ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯ ಹೇಳುವುದನ್ನು ತೋಟವಿರುವ ನಾವೆಲ್ಲ ಉಪವಾಸದ ಶುಕ್ರವಾರಗಳಿಗಿಂತ ಹೆಚ್ಚು ಕೊಯ್ಲಿನ ಸಂಜೆಗಳಲ್ಲಿ ನೆನೆಯಬೇಕು.

ಉಪವಾಸವನ್ನು ಮತ್ತೆ ಹಿಡಿಯುವುದಾದರೆ ಹಿಡಿಯಿರಿ, ಅಡ್ಡಿಯಿಲ್ಲ. ಆದರೆ ಬೆಲೆ ಬಂದ ವರ್ಷದ ವಿಧೇಯತೆ ಬೇರೆ ಬಗೆಯದು, ನನಗೆ ಕಂಡಂತೆ ಹೆಚ್ಚು ಕಠಿಣವಾದದ್ದು. ಧರ್ಮೋಪದೇಶಕಾಂಡದ 8ನೆಯ ಅಧ್ಯಾಯದಲ್ಲಿ ಮೋಶೆ ಎಚ್ಚರಿಸುವುದು ಹಸಿದವರನ್ನಲ್ಲ, ಉಂಡು ತೃಪ್ತರಾಗಿ, ಒಳ್ಳೆಯ ಮನೆ ಕಟ್ಟಿ, ಬೆಳ್ಳಿಬಂಗಾರ ಕೂಡಿಸಿ, ಇದೆಲ್ಲ ನನ್ನ ಕೈಬಲದಿಂದ ಬಂತು ಎನ್ನುವವರನ್ನು. ಸಾಲ ತೀರಿದ ಮೇಲೆ ಉಳಿದ ಹಣದಲ್ಲಿ ಮೊದಲು ಏನು ಮಾಡಿದಿರಿ ಎಂಬುದನ್ನು ಅದೇ ಹಾಳೆಯಲ್ಲಿ ಬರೆಯಿರಿ. ಯೋಸೇಫನ ಅಣ್ಣ ಯೂದನ ಪಶ್ಚಾತ್ತಾಪ ನಿಜವೆಂದು ಗೊತ್ತಾದದ್ದು ಅವನು ಸೆರೆಯಲ್ಲಿ ಹೆದರಿದಾಗಲ್ಲ; ಇನ್ನೊಬ್ಬ ತಮ್ಮನನ್ನು ಬಿಟ್ಟು ಮನೆಗೆ ಹೋಗಬಹುದಾದ ದಾರಿ ತೆರೆದಿದ್ದಾಗ, ಬೆನ್ಯಾಮೀನನ ಬದಲು ನಾನು ಆಳಾಗಿ ಉಳಿಯುತ್ತೇನೆ ಎಂದು ಅವನು ಮುಂದೆ ಬಂದಾಗ. ಅಂಥ ಸಂದರ್ಭ ನಿಮಗೂ ಬರುತ್ತದೆ, ಬಹುಶಃ ಪ್ರಾರ್ಥನೆಯ ಕೋಣೆಯಲ್ಲಲ್ಲ, ಬೇಲಿ ಸರಿಸುವ ಅವಕಾಶ ಸಿಕ್ಕಿದಾಗಲೋ ಅಣ್ಣತಮ್ಮಂದಿರ ಪಾಲಿನ ಕಾಗದಕ್ಕೆ ಸಹಿ ಹಾಕುವಾಗಲೋ.

ಪ್ರಶ್ನೆ: ನನ್ನ ತಮ್ಮ ಚರ್ಚು ಬಿಟ್ಟು ಹತ್ತು ವರ್ಷವಾಯಿತು. ಚರ್ಚಿನ ಕಮಿಟಿಯ ಸಭೆಯಲ್ಲಿ ಎಲ್ಲರ ಮುಂದೆ ಅವನಿಗೆ ಅವಮಾನವಾದಾಗ ಹೋದವನು ಮತ್ತೆ ಬಂದಿಲ್ಲ. ವ್ಯಾಪಾರ ಚೆನ್ನಾಗಿದೆ, ಆರೋಗ್ಯ ಚೆನ್ನಾಗಿದೆ, ದೇವರ ನೆನಪೇ ಇಲ್ಲ. ಅವನಿಗೆ ಏನಾದರೂ ಕಷ್ಟ ಕೊಟ್ಟಾದರೂ ದಾರಿಗೆ ತಾ ಎಂದು ಪ್ರಾರ್ಥಿಸಬಹುದೇ? (ಓದುಗಿ, ಕುಶಾಲನಗರ)

ಉತ್ತರ: ಬೇಡ. ಸಮಾರ್ಯದ ಒಂದು ಊರು ತಮ್ಮನ್ನು ಸೇರಿಸಿಕೊಳ್ಳದಿದ್ದಾಗ ಆಕಾಶದಿಂದ ಬೆಂಕಿ ಬೀಳಲಿ ಎಂದು ಅಪ್ಪಣೆ ಕೇಳಿದ ಶಿಷ್ಯರಾದ ಯಾಕೋಬ ಯೋಹಾನರನ್ನು ಯೇಸು ಗದರಿಸಿದನು. ಕಷ್ಟವನ್ನು ಯಾವಾಗ, ಎಷ್ಟು, ಹೇಗೆ ಬಳಸಬೇಕೆಂದು ಬಲ್ಲವನು ಕರ್ತನೊಬ್ಬನೇ. ನಮ್ಮ ಕೈಗೆ ಕೊಟ್ಟರೆ ಸಿಟ್ಟೂ ಅದರೊಳಗೆ ಸೇರಿಕೊಳ್ಳುತ್ತದೆ. ನಿಮ್ಮ ಪತ್ರದಲ್ಲೇ ಅದರ ಸುಳಿವು ಸ್ವಲ್ಪ ಇದೆ ಎಂದರೆ ಬೇಸರಿಸಬೇಡಿ.

ಅಷ್ಟಲ್ಲದೆ, ಪಶ್ಚಾತ್ತಾಪಕ್ಕೆ ಸಂಕಟವೊಂದೇ ಬಾಗಿಲಲ್ಲ. ಸೀಮೋನ ಪೇತ್ರನು ಯೇಸುವಿನ ಮೊಣಕಾಲಿಗೆ ಬಿದ್ದು ನಾನು ಪಾಪಾತ್ಮನು ಎಂದದ್ದು ಬರಿದಾದ ಬಲೆಯ ಮುಂದಲ್ಲ. ರಾತ್ರಿಯೆಲ್ಲ ಏನೂ ಸಿಗದೆ ದುಡಿದವನಿಗೆ ಬೆಳಗ್ಗೆ ಬಲೆ ಹರಿಯುವಷ್ಟು ಮೀನು ಸಿಕ್ಕಿ, ಎರಡು ದೋಣಿ ಮುಳುಗುವಂತಾದಾಗ. ದೇವರ ದಯೆಯೇ ಮಾನಸಾಂತರಕ್ಕೆ ನಡೆಸುತ್ತದೆ ಎಂದು ಪೌಲನೂ ರೋಮಾಪುರದವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ನಿಮ್ಮ ತಮ್ಮನ ವ್ಯಾಪಾರವೂ ಆರೋಗ್ಯವೂ ಆ ದಯೆಯ ಲೆಕ್ಕಕ್ಕೇ ಸೇರಿದವು, ಅವನಿಗೆ ಅದು ತಿಳಿಯಲಿ ಎಂದು ಬೇಡಿಕೊಳ್ಳಿ.

ಮತ್ತೆ, ಅವನ ಮನೆಗೆ ಹೋಗಿ ಬನ್ನಿ. ಊಟಕ್ಕೆ ಕುಳಿತಾಗ ಚರ್ಚಿನ ಮಾತನ್ನು ನೀವಾಗಿ ಎತ್ತಬೇಡಿ. ಮಕ್ಕಳ ಓದು, ಅಂಗಡಿಯ ಕೆಲಸ ವಿಚಾರಿಸಿ. ಅವನೇ ಎತ್ತಿದರೆ, ಕಮಿಟಿಯಲ್ಲಿ ನಡೆದದ್ದರಲ್ಲಿ ಸಭೆಯ ತಪ್ಪು ಎಷ್ಟು ಎಂಬುದನ್ನು ಮೊದಲು ನೀವು ಒಪ್ಪಿಕೊಳ್ಳಿ. ಆ ದಿನ ಅಲ್ಲಿದ್ದು ಸುಮ್ಮನಿದ್ದವರಲ್ಲಿ ಯಾರಾದರೂ ನಿಮ್ಮ ಜೊತೆ ಬರಲು ಒಪ್ಪುವುದಾದರೆ, ಅವರನ್ನೂ ಕರೆದುಕೊಂಡು ಹೋಗಿ.